ಮುಂದಿನ ಸೋಮವಾರ ಏನು ಮಾಡ್ತಾನೆ?

2004ರ ಆಗಸ್ಟ್ 15ರ ರಾತ್ರಿ ರ್‍ಯಾಂಡಿ ಆರ್ಟನ್ ಅಮೆರಿಕದ ಡಬ್ಲ್ಯೂಡಬ್ಲ್ಯೂಇ ಅನ್ನೋ ರೆಸ್ಲಿಂಗ್ ಕಂಪನಿಯ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆದ. ಆಗ ಅವನಿಗೆ 24 ವರ್ಷ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಆ ಬೆಲ್ಟ್ ಅಲ್ಲಿಯವರೆಗೆ ಯಾರಿಗೂ ಸಿಕ್ಕಿರಲಿಲ್ಲ. ತಾತ ರೆಸ್ಲರ್, ಅಪ್ಪ ರೆಸ್ಲರ್. ಎತ್ತರ ಇತ್ತು, ಮೈಕಟ್ಟು ಇತ್ತು, ನೋಡಿದವರಿಗೆ ಕೆನ್ನೆಗೆ ಬಾರಿಸಬೇಕು ಅನ್ನಿಸುವಂಥ ಸೊಕ್ಕಿನ ನಗೆಯೂ ಇತ್ತು. ಮರುದಿನ, ಪ್ರತಿ ಸೋಮವಾರ ಬರುವ ‘ರಾ’ ಟಿವಿ ಶೋನಲ್ಲಿ ಅವನದೇ ಗುಂಪಿನವರು ಸಂಭ್ರಮಕ್ಕೆ ಸೇರಿದರು. ಬಟಿಸ್ಟಾ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡ. ಟ್ರಿಪಲ್ ಎಚ್ ಹೆಬ್ಬೆರಳು ಮೇಲೆತ್ತಿ ಮೆಚ್ಚುಗೆ ತೋರಿಸಿದ. ಆಮೇಲೆ ಅದೇ ಹೆಬ್ಬೆರಳನ್ನು ಕೆಳಕ್ಕೆ ತಿರುಗಿಸಿದ. ಆರ್ಟನ್ ಹೆಗಲಿನಿಂದ ನೆಲಕ್ಕೆ ಬಿದ್ದ, ಗೆಳೆಯರೆಲ್ಲ ಸೇರಿ ಚಚ್ಚಿದರು. ದೃಶ್ಯವೇನೋ ಅದ್ಭುತವಾಗಿತ್ತು. ಆದರೆ ಆರ್ಟನ್‌ನ ಹವಾ ಸೋರಿಹೋಗಲು ಶುರುವಾಗಿದ್ದು ಅಲ್ಲಿಂದಲೇ. ಸರಿಯಾಗಿ ನಾಲ್ಕು ವಾರಕ್ಕೆ ಬೆಲ್ಟೂ ಟ್ರಿಪಲ್ ಎಚ್ ಪಾಲಾಯಿತು.

ಏಟು ತಿಂದದ್ದಕ್ಕೆ ಹೀಗಾಯಿತು ಅಂತ ನನಗೆ ಅನ್ನಿಸುವುದಿಲ್ಲ. ಆ ರಾತ್ರಿಯವರೆಗೂ ಆರ್ಟನ್ ಹಳೆಯ ದಿಗ್ಗಜರನ್ನು ಹೀಯಾಳಿಸಿ, ಅವರ ಮುಖಕ್ಕೆ ಉಗಿದು, ತನ್ನನ್ನು ತಾನೇ ‘ಲೆಜೆಂಡ್ ಕಿಲ್ಲರ್’ ಅಂತ ಕರೆದುಕೊಂಡು ಬೆಳೆದವನು. ಆ ಸೊಕ್ಕೇ ಅವನ ಬಂಡವಾಳ. ಒಂದೇ ರಾತ್ರಿಯಲ್ಲಿ ಅವನನ್ನು ಒಳ್ಳೆಯ ಹುಡುಗನನ್ನಾಗಿ ಮಾಡಿಬಿಟ್ಟರು. ನಿನ್ನೆಯವರೆಗೆ ಬೈಸಿಕೊಳ್ಳುತ್ತಿದ್ದವನು ಇವತ್ತು ಜನರತ್ತ ನೋಡಿ ಮುಗುಳ್ನಗಬೇಕಾಯಿತು. ಸೇಡು ತೀರಿಸಿಕೊಳ್ಳುವುದು ಬಿಟ್ಟರೆ ಅವನಿಗೆ ಬೇರೆ ಕೆಲಸವನ್ನೇ ಕೊಡಲಿಲ್ಲ. ಸೇಡು ಯಾರಿಗೆ ಬೇಡ? ಆ ಪಾತ್ರಕ್ಕೆ ಆರ್ಟನ್ನೇ ಬೇಕು ಅಂತೇನೂ ಇರಲಿಲ್ಲ. 2005ರ ಶುರುವಿನಲ್ಲಿ ಅವನು ಮತ್ತೆ ಕೆಟ್ಟವನಾದ. ಕಂಪನಿಯ ವರ್ಷದ ಅತಿ ದೊಡ್ಡ ಶೋ ಆದ ರೆಸಲ್‌ಮೇನಿಯಾದಲ್ಲಿ ಅಂಡರ್‌ಟೇಕರ್‌ನ ಸೋಲಿಲ್ಲದ ಸರಣಿಯನ್ನು ಮುರಿಯುತ್ತೇನೆ ಅಂತ ಸವಾಲು ಹಾಕಿದ, ಸೋತ. ಸೋತರೂ ಹಳೆಯ ಕಳೆ ವಾಪಸ್ ಬಂತು. ಯಾಕಂದ್ರೆ ಈ ಮನುಷ್ಯನಿಗೆ ಏನು ಬೇಕು ಅನ್ನೋದು ಮತ್ತೆ ಎಲ್ಲರಿಗೂ ಗೊತ್ತಾಗಿತ್ತು.

ಇಂಥದ್ದನ್ನು ನೋಡಿ ನೋಡಿ ನನಗೊಂದು ಅಭ್ಯಾಸ ಆಗಿಬಿಟ್ಟಿದೆ. ಹೊಸಬನೊಬ್ಬ ದೊಡ್ಡ ಶೋನಲ್ಲಿ ಗೆದ್ದನಾ ಸೋತನಾ ಅಂತ ತಲೆ ಕೆಡಿಸಿಕೊಳ್ಳುವುದಿಲ್ಲ. ಮುಂದಿನ ಸೋಮವಾರ ಅವನು ಏನು ಮಾಡ್ತಾನೆ ಅಂತ ಕಾಯುತ್ತೇನೆ. ಅವನ ಹಣೆಬರಹ ಗೊತ್ತಾಗೋದು ಅಲ್ಲಿ.

ಇಲ್ಲಿ ಯಾರು ಗೆಲ್ಲಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಗೆಲುವಿಗೆ ಇಲ್ಲಿ ಬೇರೆ ಆಟಗಳಲ್ಲಿರುವಷ್ಟು ಬೆಲೆ ಇಲ್ಲ. ಕಂಪನಿ ಒಬ್ಬನನ್ನು ಮೇಲೆ ತರಬೇಕು ಅಂದುಕೊಂಡರೆ ಅವನಿಗೆ ‘ಪುಶ್’ ಕೊಡುತ್ತದೆ. ಹೆಸರಿಲ್ಲದವರನ್ನು ಎರಡೇ ನಿಮಿಷದಲ್ಲಿ ಮಣ್ಣು ಮುಕ್ಕಿಸುವ ಸ್ಕ್ವಾಶ್ ಮ್ಯಾಚುಗಳು, ಟಿವಿಯಲ್ಲಿ ಜಾಸ್ತಿ ಹೊತ್ತು, ಕೈಗೊಂದು ಮೈಕು, ಒಳ್ಳೆಯ ಎದುರಾಳಿ, ಆಮೇಲೊಂದು ಬೆಲ್ಟು. ಇವೆಲ್ಲ ಕಂಪನಿಯ ಕೈಯಲ್ಲಿದೆ. ಅವನು ಬಂದಾಗ ಜನ ಸೀಟು ಬಿಟ್ಟು ಏಳುತ್ತಾರಾ, ಅಥವಾ ಅದೇ ಸಮಯ ಅಂತ ಟಾಯ್ಲೆಟ್ಟಿಗೆ ಹೋಗುತ್ತಾರಾ ಅನ್ನೋದು ಮಾತ್ರ ಕಂಪನಿಯ ಕೈಯಲ್ಲಿಲ್ಲ. ಜನ ಎದ್ದರೆ ಅವನು ‘ಓವರ್’ ಆದ ಅಂತ ಲೆಕ್ಕ. ಬೈಯ್ದರೂ ಓವರ್ರೇ, ಸುಮ್ಮನೆ ಕೂತರೆ ಮಾತ್ರ ಕಷ್ಟ. ಪುಶ್ ಸಿಕ್ಕಿಯೂ ಓವರ್ ಆಗದವರಿದ್ದಾರೆ. ಓವರ್ ಆದರೂ ಪುಶ್ ಸಿಗದವರೂ ಇದ್ದಾರೆ. ಎರಡೂ ಒಟ್ಟಿಗೆ ಕೂಡಿ ಬರುವ ವಾರಗಳು ಒಬ್ಬನ ವೃತ್ತಿಯಲ್ಲಿ ತೀರಾ ಕಡಿಮೆ.

ಕಂಪನಿಯ ಕಣ್ಣು ಎಷ್ಟು ಸುಲಭವಾಗಿ ಮೋಸ ಹೋಗುತ್ತದೆ ಅನ್ನೋದಕ್ಕೆ ಟಾಮ್ ಮಗೀ ಕಥೆ ಸಾಕು. ಕೆನಡಾದವನು. 1982ರ ವಿಶ್ವದ ಬಲಿಷ್ಠ ವ್ಯಕ್ತಿ ಸ್ಪರ್ಧೆಯಲ್ಲಿ ಎರಡನೇ ಸ್ಥಾನ ಬಂದವನು. ದೇಹ ನೋಡಿದರೆ ಕಣ್ಣು ಕುಕ್ಕುವಂತಿತ್ತು, ಅಷ್ಟು ತೂಕ ಹೊತ್ತುಕೊಂಡೂ ಪಲ್ಟಿ ಹೊಡೆಯುತ್ತಿದ್ದ. 1986ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಅವನಿಗೆ ಬ್ರೆಟ್ ಹಾರ್ಟ್ ಜೊತೆ ಒಂದು ಪರೀಕ್ಷೆಯ ಮ್ಯಾಚ್ ಇಟ್ಟರು. ಅದನ್ನು ನೋಡಿದ ಕಂಪನಿಯ ಆಗಿನ ಯಜಮಾನ ವಿನ್ಸ್ ಮೆಕ್‌ಮಹನ್‌ಗೆ ಮುಂದಿನ ಹಲ್ಕ್ ಹೋಗನ್ ಸಿಕ್ಕಿಬಿಟ್ಟ ಅನ್ನಿಸಿತಂತೆ. ನಂತರ ಬೇರೆಯವರ ಜೊತೆ ಆಡಿಸಿದಾಗಲೇ ಗೊತ್ತಾಗಿದ್ದು, ಆ ಮ್ಯಾಚಿನ ತೊಂಬತ್ತು ಪಾಲು ಬ್ರೆಟ್ ಕೈಚಳಕ. ಹೊಸಬನನ್ನು ಎಲ್ಲಿ ನಿಲ್ಲಿಸಬೇಕು, ಯಾವಾಗ ಎತ್ತಿಸಿಕೊಳ್ಳಬೇಕು, ಹೇಗೆ ಬಿದ್ದರೆ ಅವನು ಬಲಶಾಲಿಯಾಗಿ ಕಾಣುತ್ತಾನೆ, ಎಲ್ಲ ಬ್ರೆಟ್‌ಗೆ ಗೊತ್ತಿತ್ತು. ಮಗೀ ಎಂದೂ ದೊಡ್ಡ ಹೆಸರಾಗಲಿಲ್ಲ. ಆ ಮ್ಯಾಚಿನ ಟೇಪು ಕಳೆದೇ ಹೋಗಿದೆ ಅಂತ ಎಲ್ಲರೂ ಅಂದುಕೊಂಡಿದ್ದಾಗ 2019ರಲ್ಲಿ ಸಿಕ್ಕಿತು. ಈಗ ನೋಡುವಾಗ ನನ್ನ ಕಣ್ಣು ಮಗೀ ಕಡೆ ಹೋಗೋದೇ ಇಲ್ಲ. ಬ್ರೆಟ್ ಮೇಲೇ ನಿಲ್ಲುತ್ತದೆ.

ಇನ್ನು ಕಂಪನಿಯೇ ಹಣೆಗೆ ತಿಲಕ ಇಟ್ಟು ಕಳಿಸಿದವರ ಪಾಡು. 2009ರ ಸೆಪ್ಟೆಂಬರ್‌ನಲ್ಲಿ ವಿನ್ಸ್ ಮೆಕ್‌ಮಹನ್ ಸ್ವತಃ ರಿಂಗಿಗೆ ಬಂದು, ಸ್ಕಾಟ್ಲೆಂಡಿನ ಹುಡುಗನೊಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಇವನು ಮುಂದೊಂದು ದಿನ ವಿಶ್ವ ಚಾಂಪಿಯನ್ ಆಗುತ್ತಾನೆ ಅಂತ ಘೋಷಿಸಿದ. ಹುಡುಗನ ಹೆಸರು ಡ್ರೂ ಮೆಕಿಂಟೈರ್. ‘ಚೋಸನ್ ಒನ್’ ಅನ್ನೋ ಬಿರುದು ಬೇರೆ. ಡಿಸೆಂಬರ್ ಹೊತ್ತಿಗೆ ಎರಡನೇ ದರ್ಜೆಯ ಇಂಟರ್‌ಕಾಂಟಿನೆಂಟಲ್ ಬೆಲ್ಟ್ ಕೈಯಲ್ಲಿತ್ತು. ಹೊರಗಿನಿಂದ ನೋಡಿದವರಿಗೆ ಇದಕ್ಕಿಂತ ದೊಡ್ಡ ಭಾಗ್ಯ ಇಲ್ಲ. ಆದರೆ ಯೋಚಿಸಿ ನೋಡಿ, ಎಲ್ಲಕ್ಕಿಂತ ಮೇಲಿನ ಯಜಮಾನನೇ ಬಂದು ‘ಇವನನ್ನು ಮೆಚ್ಚಿಕೊಳ್ಳಿ’ ಅಂದರೆ ಜನರಿಗೆ ಮಾಡಲು ಏನು ಉಳಿಯಿತು? ಮೆಚ್ಚುವ ಕೆಲಸವೇ ಅವರಿಂದ ಕಿತ್ತುಕೊಂಡ ಹಾಗಾಯಿತು. ಮೆಕಿಂಟೈರ್ ಕೆಟ್ಟವನ ಪಾತ್ರದಲ್ಲಿದ್ದ, ಸರಿ. ಆದರೆ ಯಜಮಾನನ ಕೃಪೆ ಇರುವವನು ಯಾವುದಕ್ಕಾಗಿ ಒದ್ದಾಡುತ್ತಾನೆ? ಅವನಿಗೆ ಆಸೆಯೇ ಇರಬೇಕಾಗಿಲ್ಲ, ಕಾದರೆ ಸಾಕು.

2010ರ ಮೇ ತಿಂಗಳಲ್ಲಿ ಬೆಲ್ಟ್ ಹೋಯಿತು. ಆಮೇಲೆ ನಿಧಾನವಾಗಿ ಟಿವಿಯಲ್ಲಿ ಕಾಣುವುದೂ ಕಡಿಮೆ ಆಯಿತು. 2012ರಲ್ಲಿ ಹೀತ್ ಸ್ಲೇಟರ್, ಜಿಂದರ್ ಮಹಲ್ ಜೊತೆ ಸೇರಿಸಿ ‘ತ್ರೀಎಂಬಿ’ ಅನ್ನೋ ತಮಾಷೆಯ ರಾಕ್ ಬ್ಯಾಂಡ್ ಮಾಡಿದರು. ಇಲ್ಲದ ಗಿಟಾರ್ ನುಡಿಸುತ್ತಾ ಬರುವುದು, ಯಾರ ಕೈಯಲ್ಲಾದರೂ ಒದೆ ತಿನ್ನುವುದು, ವಾಪಸ್ ಹೋಗುವುದು. 2014ರ ಜೂನ್‌ನಲ್ಲಿ ಕೆಲಸದಿಂದಲೇ ತೆಗೆದರು. ಭಾವಿ ಚಾಂಪಿಯನ್ ಅಂತ ಕರೆಸಿಕೊಂಡು ಐದು ವರ್ಷವೂ ಆಗಿರಲಿಲ್ಲ.

ಅಲ್ಲಿಂದ ಮುಂದಿನದು ನನಗೆ ತುಂಬಾ ಇಷ್ಟದ ಭಾಗ. ಸ್ಕಾಟ್ಲೆಂಡಿನ ಸಣ್ಣ ಕಂಪನಿಯಲ್ಲಿ ಆಡಿದ. ಅಮೆರಿಕದ ಸಣ್ಣ ಹಾಲ್‌ಗಳಲ್ಲಿ ಆಡಿದ. ಅಲ್ಲಿ ಬಂದವರಿಗೆ ಇವನನ್ನು ಮೆಚ್ಚಿ ಅಂತ ಯಾರೂ ಹೇಳಿರಲಿಲ್ಲ. ದೇಹ ಇನ್ನಷ್ಟು ಗಟ್ಟಿಯಾಯಿತು, ಮಾತಿಗೆ ಸಿಟ್ಟು ಬಂತು, ಕಳೆದುಕೊಂಡದ್ದು ಏನು ಅಂತ ಗೊತ್ತಿರುವವನ ಸಿಟ್ಟು. 2017ರಲ್ಲಿ ವಾಪಸ್ ಬಂದ. 2020ರ ಜನವರಿಯಲ್ಲಿ, ಎದುರಾಳಿಗಳನ್ನು ರಿಂಗಿನಿಂದ ಆಚೆ ಹಾಕುವ ರಾಯಲ್ ರಂಬಲ್ ಮ್ಯಾಚ್ ಗೆದ್ದ. ಬ್ರಾಕ್ ಲೆಸ್ನರ್‌ನನ್ನು ರಿಂಗಿನಿಂದ ಆಚೆ ಒದ್ದಾಗ ಇಡೀ ಸ್ಟೇಡಿಯಂ ಹುಚ್ಚೆದ್ದು ಕೂಗಿತು. ಕಂಪನಿಯ ಪುಶ್, ಜನರ ಕೂಗು, ಎರಡೂ ಕೊನೆಗೆ ಒಂದೇ ಕಡೆ ಬಂದಿದ್ದವು. ಆಮೇಲೆ ಕೊರೋನಾ ಬಂತು. ಏಪ್ರಿಲ್‌ನ ರೆಸಲ್‌ಮೇನಿಯಾದಲ್ಲಿ ಲೆಸ್ನರ್‌ನನ್ನು ಸೋಲಿಸಿ ಅವನು ಬೆಲ್ಟ್ ಎತ್ತಿಹಿಡಿದದ್ದು ಆರ್ಲ್ಯಾಂಡೊದ ತರಬೇತಿ ಕೇಂದ್ರದಲ್ಲಿ, ಒಬ್ಬನೇ ಒಬ್ಬ ಪ್ರೇಕ್ಷಕ ಇಲ್ಲದೆ. ಹತ್ತು ವರ್ಷಕ್ಕೂ ಜಾಸ್ತಿ ಕಾದ ಗೆಲುವಿಗೆ ಚಪ್ಪಾಳೆ ಹೊಡೆಯಲೂ ಜನ ಇರಲಿಲ್ಲ. ಅವನು ಕ್ಯಾಮೆರಾದತ್ತ ಕೈ ಚಾಚಿ ಮನೆಯಲ್ಲಿ ಕೂತವರಿಗೆ ಥ್ಯಾಂಕ್ಸ್ ಹೇಳಿದ. ಯಾರ ತಪ್ಪೂ ಅಲ್ಲ, ಆದರೂ ಹೊಟ್ಟೆ ಉರಿಯುತ್ತದೆ ಅಲ್ವಾ?

ಜನರ ಮೇಲೆ ಹೇರಿದ ಹೊಸಬ ಅಂದರೆ ರಾಕಿ ಮೈವಿಯಾನನ್ನೂ ನೆನೆಯಬೇಕು. 1996ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ದೊಡ್ಡ ಶೋನಲ್ಲಿ ಅವನ ಮೊದಲ ಮ್ಯಾಚ್. ತಾತ ಪೀಟರ್ ಮೈವಿಯಾ, ಅಪ್ಪ ರಾಕಿ ಜಾನ್ಸನ್. ಮೂರು ತಿಂಗಳಲ್ಲಿ ಇಂಟರ್‌ಕಾಂಟಿನೆಂಟಲ್ ಬೆಲ್ಟ್. ರಿಬ್ಬನ್ನಿನಂಥ ಜಾಲರಿಗಳು ತೂಗುವ ಅಂಗಿ ತೊಟ್ಟು, ಸದಾ ನಗುತ್ತಾ ಬರುತ್ತಿದ್ದ. ಜನ ‘ಡೈ ರಾಕಿ ಡೈ’ ಅಂತ ಒಟ್ಟಾಗಿ ಕೂಗಿದರು. ಸಾಯಿ ಅಂತ! ಇಪ್ಪತ್ತನಾಲ್ಕರ ಹುಡುಗನಿಗೆ. ಆ ವರ್ಷ ಬೆಲ್ಟೂ ಹೋಯಿತು, ಮಂಡಿಗೂ ಪೆಟ್ಟಾಯಿತು. ಆಗಸ್ಟ್‌ನಲ್ಲಿ ವಾಪಸ್ ಬಂದಾಗ ಅವನು ಕೆಟ್ಟವರ ಗುಂಪಾದ ನೇಷನ್ ಆಫ್ ಡಾಮಿನೇಷನ್ ಸೇರಿದ. ನೀವು ನನ್ನನ್ನು ಸಾಯಿ ಅಂದಿರಿ, ನಾನು ಮಾಡಿದ ತಪ್ಪೇನು ಅಂತ ಕೇಳಿದ. ಅಷ್ಟೇ ಸಾಕಾಯಿತು. ಜನರ ಕೂಗನ್ನೇ ಎತ್ತಿಕೊಂಡು ಅದರಲ್ಲೇ ತನ್ನ ಮುಂದಿನ ವಾರದ ಕೆಲಸ ಹುಡುಕಿಕೊಂಡ. ವರ್ಷ ಕಳೆಯುವಷ್ಟರಲ್ಲಿ ರಾಕಿ ಅನ್ನೋ ಹೆಸರು ಹೋಗಿ ‘ದಿ ರಾಕ್’ ಉಳಿಯಿತು. 1998ರ ನವೆಂಬರ್‌ನಲ್ಲಿ ಅವನೇ ಚಾಂಪಿಯನ್.

ಸೋತು ಬೆಳೆದವರ ಪಟ್ಟಿಯಲ್ಲಿ ಸ್ಟೀವ್ ಆಸ್ಟಿನ್‌ನ ಹೆಸರು ಎಲ್ಲರೂ ಹೇಳುತ್ತಾರೆ. ಆದರೆ ಆ ಕಥೆಯನ್ನು ತೀರಾ ನುಣ್ಣಗೆ ಮಾಡಿ ಹೇಳುತ್ತಾರೆ ಅನ್ನೋದು ನನ್ನ ದೂರು. 1996ರ ಜೂನ್ 23ರಂದು ಕಿಂಗ್ ಆಫ್ ದ ರಿಂಗ್ ಗೆದ್ದ, ಬೈಬಲ್ ವಾಕ್ಯವನ್ನು ಅಣಕಿಸಿ ‘ಆಸ್ಟಿನ್ 3:16’ ಅಂದ, ಮರುದಿನದಿಂದಲೇ ಸೂಪರ್‌ಸ್ಟಾರ್ ಆದ, ಹೀಗೆ. ನಿಜ ಅಷ್ಟು ಸರಳವಾಗಿಲ್ಲ. ಮೊದಲನೆಯದಾಗಿ ಆ ಪಂದ್ಯಾವಳಿ ಅವನದ್ದೇ ಅಲ್ಲ. ಗೆಲ್ಲಬೇಕಿದ್ದವನು ಟ್ರಿಪಲ್ ಎಚ್. ಮೇ ತಿಂಗಳಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಕಂಪನಿ ಬಿಡುತ್ತಿದ್ದ ಕೆವಿನ್ ನ್ಯಾಶ್ ಮತ್ತು ಸ್ಕಾಟ್ ಹಾಲ್‌ಗೆ ವಿದಾಯ ಹೇಳಲು ಅವನೂ ಶಾನ್ ಮೈಕಲ್ಸ್‌ನೂ ರಿಂಗಿನಲ್ಲಿ ಎಲ್ಲರೆದುರೇ ತಬ್ಬಿಕೊಂಡರು. ಒಳ್ಳೆಯವರು, ಕೆಟ್ಟವರು ಒಟ್ಟಿಗೆ ನಿಂತು ತಬ್ಬಿಕೊಂಡರೆ ಕಥೆಯ ಗತಿ ಏನು? ಮೈಕಲ್ಸ್ ಚಾಂಪಿಯನ್, ಅವನನ್ನು ಮುಟ್ಟುವಂತಿಲ್ಲ. ಶಿಕ್ಷೆ ಬಿದ್ದದ್ದು ಟ್ರಿಪಲ್ ಎಚ್‌ಗೆ. ಅವನ ಪುಶ್ ಆಸ್ಟಿನ್‌ಗೆ ಬಂತು.

ಎರಡನೆಯದು ಯಾರೂ ನೆನಪಿಸಿಕೊಳ್ಳದ ಸಂಗತಿ. ಆ ದೊಡ್ಡ ರಾತ್ರಿಯ ಎರಡೇ ತಿಂಗಳಿಗೆ ಬಂದ ಸಮ್ಮರ್‌ಸ್ಲ್ಯಾಮ್‌ನಲ್ಲಿ ಆಸ್ಟಿನ್‌ಗೆ ಮುಖ್ಯ ಶೋನಲ್ಲಿ ಜಾಗವೇ ಇರಲಿಲ್ಲ. ಶೋ ಶುರುವಾಗುವ ಮೊದಲಿನ ಬಿಟ್ಟಿ ಪ್ರಸಾರದಲ್ಲಿ ಯೊಕೊಜುನಾ ಜೊತೆ ಸಣ್ಣ ಮ್ಯಾಚ್. ಯೊಕೊಜುನಾ ಹತ್ತಿದಾಗ ರಿಂಗಿನ ಹಗ್ಗ ಕಿತ್ತುಬರುವ ತಮಾಷೆಯಲ್ಲಿ ಅದು ಮುಗಿಯಿತು. ಅಷ್ಟೊತ್ತಿಗಾಗಲೇ ಹವಾ ತಣ್ಣಗಾಗುತ್ತಿತ್ತು. ಅದನ್ನು ಉಳಿಸಿದ್ದು ಬ್ರೆಟ್ ಹಾರ್ಟ್ ವಾಪಸ್ ಬಂದದ್ದು. ರಜೆಯಲ್ಲಿದ್ದ ಬ್ರೆಟ್‌ನನ್ನು ಆಸ್ಟಿನ್ ವಾರಾವಾರ ಕೆಣಕುತ್ತಲೇ ಇದ್ದ. ನವೆಂಬರ್‌ನಲ್ಲಿ ಬ್ರೆಟ್ ಬಂದು ಅವನನ್ನು ಸೋಲಿಸಿದ. 1997ರ ಮಾರ್ಚ್ 23ರಂದು ರೆಸಲ್‌ಮೇನಿಯಾದಲ್ಲಿ ಮತ್ತೆ ಸೋಲಿಸಿದ. ಮುಖದ ತುಂಬಾ ರಕ್ತ, ಶಾರ್ಪ್‌ಶೂಟರ್ ಪಟ್ಟಿನಲ್ಲಿ ಸಿಕ್ಕಿಬಿದ್ದ ಆಸ್ಟಿನ್ ಸೋಲು ಒಪ್ಪಿಕೊಳ್ಳದೆ ಪ್ರಜ್ಞೆ ತಪ್ಪಿದ. ಒಳ್ಳೆಯವನಾಗಿ ಬಂದ ಬ್ರೆಟ್ ಬೈಸಿಕೊಂಡು ಹೋದ, ಕೆಟ್ಟವನಾಗಿ ಬಂದ ಆಸ್ಟಿನ್ ಯಾರ ಆಸರೆಯೂ ಬೇಡ ಅಂತ ಕುಂಟುತ್ತಾ ಹೋಗುವಾಗ ಜನ ಎದ್ದುನಿಂತಿದ್ದರು. ಎರಡು ದೊಡ್ಡ ಸೋಲುಗಳ ಮೇಲೆ ಕಟ್ಟಿದ ಹೆಸರು ಅದು. ಪ್ರತಿ ಸೋಲಿನ ಮರುವಾರವೂ ಅವನಿಗೆ ಕೆಲಸ ಇತ್ತು, ಬ್ರೆಟ್‌ನನ್ನು ಬಿಡಬಾರದು.

ಡೇನಿಯಲ್ ಬ್ರಯನ್ ಕಥೆಯೂ ಸ್ವಲ್ಪ ಹೀಗೇ. 2012ರ ರೆಸಲ್‌ಮೇನಿಯಾದಲ್ಲಿ ಶೇಮಸ್ ಅವನನ್ನು 18 ಸೆಕೆಂಡಿನಲ್ಲಿ ಸೋಲಿಸಿದ. ಚಾಂಪಿಯನ್ನನ್ನು ಹೀಗೆ ಮುಗಿಸಿದ್ದಕ್ಕೆ ಜನರಿಗೆ ಎಷ್ಟು ಸಿಟ್ಟು ಬಂತೆಂದರೆ ಮಿಕ್ಕ ಶೋ ಪೂರ್ತಿ, ಮರುದಿನದ ಶೋ ಪೂರ್ತಿ ‘ಯೆಸ್! ಯೆಸ್!’ ಅಂತ ಅವನ ಹೆಸರಿನಲ್ಲಿ ಕೂಗಿದರು. ಕಂಪನಿ ಬಯಸಿ ಮಾಡಿದ್ದಲ್ಲ ಅದು.

ಸೋಲೇ ಇಲ್ಲದವರ ಕಷ್ಟ ಇದಕ್ಕಿಂತ ದೊಡ್ಡದು. ಹೊಸಬನನ್ನು ಬೇಗ ಬೆಳೆಸುವ ಸುಲಭ ದಾರಿ ಅವನನ್ನು ಸೋಲಿಸದೇ ಇರುವುದು. ಆದರೆ ಆ ದಾರಿ ಎಲ್ಲಿ ಮುಗಿಯುತ್ತದೆ ಅಂತ ಮೊದಲೇ ಯೋಚಿಸಿರಬೇಕು. ಗೋಲ್ಡ್‌ಬರ್ಗ್ ಆಗಿನ ಪೈಪೋಟಿ ಕಂಪನಿ ಡಬ್ಲ್ಯೂಸಿಡಬ್ಲ್ಯೂಗೆ ಬಂದದ್ದು 1997ರ ಸೆಪ್ಟೆಂಬರ್‌ನಲ್ಲಿ. ಬಂದ, ಎತ್ತಿ ಒಗೆದ, ಹೋದ. ಮಾತೂ ಬೇಕಿರಲಿಲ್ಲ. 1998ರ ಜುಲೈ 6ರಂದು ಅಟ್ಲಾಂಟಾದ ಜಾರ್ಜಿಯಾ ಡೋಮ್‌ನಲ್ಲಿ ಹೋಗನ್‌ನನ್ನು ಸೋಲಿಸಿ ಚಾಂಪಿಯನ್ ಆದ. ಕಂಪನಿಯ ಲೆಕ್ಕದಲ್ಲಿ ಅವನ ಗೆಲುವುಗಳು 173ರವರೆಗೆ ಹೋದವು. ಆ ಲೆಕ್ಕವನ್ನು ಉಬ್ಬಿಸಿದ್ದರು ಅನ್ನೋದು ಬೇರೆ ಮಾತು. ಡಿಸೆಂಬರ್ 27ರಂದು ಕೆವಿನ್ ನ್ಯಾಶ್ ಅವನನ್ನು ಸೋಲಿಸಿದ, ಅದೂ ಸ್ಕಾಟ್ ಹಾಲ್ ಬಂದು ಕರೆಂಟ್ ಶಾಕ್ ಕೊಟ್ಟ ಮೇಲೆ.

ಎಲ್ಲರೂ ಈ ಸೋಲನ್ನೇ ಬೈಯುತ್ತಾರೆ. ನನಗೆ ಆ ಸೋಲು ಅಷ್ಟೇನೂ ತಪ್ಪು ಅನ್ನಿಸುವುದಿಲ್ಲ. ಮೋಸದಿಂದ ಸೋತವನಿಗೆ ಜನ ಇನ್ನೂ ಜೋರಾಗಿ ಕೂಗುತ್ತಿದ್ದರು. ಎಂಟು ದಿನ ಬಿಟ್ಟು, 1999ರ ಜನವರಿ 4ರಂದು, ಅದೇ ಜಾರ್ಜಿಯಾ ಡೋಮ್‌ನಲ್ಲಿ ಮರುಪಂದ್ಯ ಇಟ್ಟಿದ್ದರು. ಅವನದೇ ಊರಿನ ಜನ, ಅವನ ಸೇಡು ನೋಡಲು ಬಂದಿದ್ದರು. ಕಥೆಯಲ್ಲಿ ಅವನನ್ನು ಪೊಲೀಸರು ಹಿಡಿದುಕೊಂಡು ಹೋದರು. ಅವನ ಬದಲು ಹೋಗನ್ ಬಂದ, ನ್ಯಾಶ್ ಎದೆಗೆ ಒಂದು ಬೆರಳು ತಾಗಿಸಿದ, ನ್ಯಾಶ್ ದೊಪ್ಪನೆ ಬಿದ್ದು ಬೆಲ್ಟ್ ಬಿಟ್ಟುಕೊಟ್ಟ. ಗೋಲ್ಡ್‌ಬರ್ಗ್ ಕೊನೆಗೆ ಓಡಿ ಬಂದು ಅವರ ಕೈಯಲ್ಲಿ ಒದೆ ತಿಂದ. ಹಾಳಾದದ್ದು ಆ ಸೋಮವಾರ.

ರೈಬ್ಯಾಕ್‌ಗೆ ಆದದ್ದು ಬೇರೆ ತರ. 2012ರ ಏಪ್ರಿಲ್‌ನಲ್ಲಿ ಬಂದು ವಾರಕ್ಕೊಬ್ಬರನ್ನು, ಕೆಲವೊಮ್ಮೆ ಇಬ್ಬರನ್ನು ಒಟ್ಟಿಗೆ ಎತ್ತಿ ಒಗೆಯುತ್ತಿದ್ದ. ಜನ ‘ಫೀಡ್ ಮಿ ಮೋರ್’ ಅಂತ ಅವನ ಜೊತೆ ಕೂಗಲು ಶುರು ಮಾಡಿದ್ದರು. ಅಷ್ಟರಲ್ಲಿ ಕಂಪನಿಯ ದೊಡ್ಡ ತಾರೆ ಜಾನ್ ಸೀನಾ ಮೊಣಕೈಗೆ ಆಪರೇಷನ್ ಆಯಿತು. ಖಾಲಿ ಬಿದ್ದ ಜಾಗಕ್ಕೆ, ಚಾಂಪಿಯನ್ ಸಿಎಂ ಪಂಕ್ ಎದುರಿಗೆ, ಅಕ್ಟೋಬರ್‌ನಲ್ಲಿ ರೈಬ್ಯಾಕ್‌ನನ್ನು ತಂದು ನಿಲ್ಲಿಸಿದರು. ಅವನು ಗೆಲ್ಲುವ ಹಾಗಿರಲಿಲ್ಲ. ಜನವರಿಯಲ್ಲಿ ಪಂಕ್ ಎದುರು ದಿ ರಾಕ್ ಬರುವುದು ಮೊದಲೇ ನಿಗದಿಯಾಗಿತ್ತು. ರೆಫರಿ ಮೋಸ ಮಾಡಿ ಅವನನ್ನು ಸೋಲಿಸಿದ. ನಂತರ ಒಂದರ ಹಿಂದೆ ಒಂದು ದೊಡ್ಡ ಶೋಗಳಲ್ಲಿ ಸೋಲು. ಆರು ತಿಂಗಳು ಮೊದಲೇ ಮೇಲಕ್ಕೆ ಬಂದುಬಿಟ್ಟ ಅನ್ನೋದು ನನ್ನ ಲೆಕ್ಕ. ಹಾಲು ಉಕ್ಕುವ ಮೊದಲೇ ಒಲೆ ಆರಿಸಿದ ಹಾಗಾಯಿತು.

ಇದೇ ರೈಬ್ಯಾಕ್ ಅದಕ್ಕೂ ಎರಡು ವರ್ಷ ಮೊದಲು ಸ್ಕಿಪ್ ಶೆಫೀಲ್ಡ್ ಅನ್ನೋ ಹೆಸರಿನಲ್ಲಿ ನೆಕ್ಸಸ್ ಗುಂಪಿನಲ್ಲಿದ್ದ. ಆ ಗುಂಪನ್ನು ಬಿಟ್ಟು ಈ ವಿಷಯ ಮಾತಾಡುವುದೇ ಸಾಧ್ಯವಿಲ್ಲ. 2010ರ ಜೂನ್ 7. ಹೊಸಬರು ಎಂಟು ಜನ, ತೋಳಿಗೆ ಪಟ್ಟಿ ಕಟ್ಟಿಕೊಂಡು, ರಾ ಶೋದ ಕೊನೆಗೆ ನುಗ್ಗಿದರು. ಸೀನಾನನ್ನು ಹೊಡೆದರು. ಕಾಮೆಂಟೇಟರ್ ಮೇಜು ಮುರಿದರು, ರಿಂಗಿನ ಹಲಗೆಗಳನ್ನೇ ಕಿತ್ತರು. ಹೊಸಬರಿಗೆ ಇಷ್ಟು ಒಳ್ಳೆಯ ಪ್ರವೇಶ ನಾನು ಮತ್ತೆ ನೋಡಿಲ್ಲ. ಆ ಗದ್ದಲದಲ್ಲಿ ಡೇನಿಯಲ್ ಬ್ರಯನ್ ರಿಂಗ್ ಅನೌನ್ಸರ್‌ನ ಟೈ ಹಿಡಿದು ಕತ್ತು ಬಿಗಿದ. ಅದು ತೀರಾ ಹಿಂಸೆಯಾಯಿತು ಅಂತ ಕಂಪನಿ ಕೆಲವೇ ದಿನಗಳಲ್ಲಿ ಅವನನ್ನು ಕೆಲಸದಿಂದ ತೆಗೆಯಿತು. ಆಗಸ್ಟ್ 15ರ ಸಮ್ಮರ್‌ಸ್ಲ್ಯಾಮ್‌ಗೆ ವಾಪಸ್ ಕರೆಸಿಕೊಂಡಿತು, ಅದೂ ಎದುರಾಳಿ ತಂಡಕ್ಕೆ!

ಆ ರಾತ್ರಿ ಏಳು ಜನರ ಎದುರು ಏಳು ಜನ. ಕೊನೆಗೆ ಸೀನಾ ಒಬ್ಬನೇ, ನೆಕ್ಸಸ್‌ನ ಇಬ್ಬರು. ಸೀನಾ ತಲೆಯನ್ನು ಬರೀ ಕಾಂಕ್ರೀಟ್ ನೆಲಕ್ಕೆ ಅಪ್ಪಳಿಸಿದರು. ಎರಡು ನಿಮಿಷ ಆಗುವುದರೊಳಗೆ ಅವನು ಎದ್ದು ಇಬ್ಬರನ್ನೂ ಸೋಲಿಸಿದ. ನೆಕ್ಸಸ್ ಗೆಲ್ಲಬೇಕಿತ್ತು ಅಂತ ಸೀನಾ ತಂಡದಲ್ಲೇ ಇದ್ದ ಎಡ್ಜ್, ಜೆರಿಕೊ ಇಬ್ಬರೂ ನಂತರ ಬಾಯಿಬಿಟ್ಟು ಹೇಳಿದ್ದಾರೆ. ಇಲ್ಲಿ ಮಾತ್ರ ನಾನು ಸೋಲನ್ನೇ ಬೈಯುತ್ತೇನೆ. ಆ ಗುಂಪಿಗೆ ಇದ್ದ ಒಂದೇ ಗುಣ, ಇವರನ್ನು ಕಂಡರೆ ಭಯ ಆಗಬೇಕು ಅನ್ನೋದು. ಕಾಂಕ್ರೀಟಿನ ಏಟು ತಿಂದವನು ತಕ್ಷಣ ಎದ್ದುನಿಂತರೆ ಆ ಭಯ ಎಲ್ಲಿ ಉಳಿಯುತ್ತದೆ? ಆ ಎಂಟು ಜನರಲ್ಲಿ ನೆಕ್ಸಸ್‌ನಲ್ಲೇ ಉಳಿದ ಏಳು ಹುಡುಗರ ಪೈಕಿ ಯಾರೂ ವಿಶ್ವ ಚಾಂಪಿಯನ್ ಆಗಲಿಲ್ಲ. ಆದದ್ದು ಹೊರಗೆ ಹಾಕಿಸಿಕೊಂಡ ಬ್ರಯನ್ ಒಬ್ಬನೇ.

ಗಾಯದ ವಿಷಯ ಬಂದರೆ ಅದೃಷ್ಟದ ಮಾತೇ ಜಾಸ್ತಿ. 2013ರ ಏಪ್ರಿಲ್‌ನಲ್ಲಿ ಡಾನ್ಸರ್ ಪಾತ್ರದ ಫಂಡಾಂಗೊ ರೆಸಲ್‌ಮೇನಿಯಾದಲ್ಲಿ ಜೆರಿಕೊನನ್ನು ಸೋಲಿಸಿದ. ಮರುದಿನ ಇಡೀ ಸ್ಟೇಡಿಯಂ ಅವನ ಪ್ರವೇಶದ ರಾಗವನ್ನು ಬಾಯಲ್ಲೇ ಹಾಡಿತು. ಜೂನ್‌ನಲ್ಲಿ ಅವನಿಗೆ ಇಂಟರ್‌ಕಾಂಟಿನೆಂಟಲ್ ಬೆಲ್ಟಿನ ಮ್ಯಾಚ್ ಇತ್ತು. ತಲೆಗೆ ಪೆಟ್ಟಾಗಿ ಆಡಲಾಗಲಿಲ್ಲ. ಅವನ ಬದಲಿಗೆ ಬಂದ ಕರ್ಟಿಸ್ ಆಕ್ಸೆಲ್ ಬೆಲ್ಟ್ ಗೆದ್ದ. ಫಂಡಾಂಗೊ ಗುಣವಾಗಿ ಬಂದಾಗ ಯಾರೂ ಹಾಡುತ್ತಿರಲಿಲ್ಲ. ಅದೇ 1997ರ ಆಗಸ್ಟ್‌ನಲ್ಲಿ ಕತ್ತಿಗೆ ಭಯಂಕರ ಪೆಟ್ಟಾಗಿ ಆಸ್ಟಿನ್ ತಿಂಗಳುಗಟ್ಟಲೆ ಆಡುವಂತಿರಲಿಲ್ಲ. ಆದರೂ ಅವನು ಟಿವಿಯಿಂದ ಮರೆಯಾಗಲಿಲ್ಲ. ಆಡಬೇಡ ಅಂದ ಯಜಮಾನ ಮೆಕ್‌ಮಹನ್‌ಗೇ ಸೆಪ್ಟೆಂಬರ್‌ನಲ್ಲಿ ಸ್ಟನ್ನರ್ ಅನ್ನೋ ತನ್ನ ಪಟ್ಟು ಹಾಕಿ ಕೆಡವಿದ. 2018ರ ನವೆಂಬರ್‌ನಲ್ಲಿ ಬೆಕಿ ಲಿಂಚ್‌ಳ ಮೂಗು ಮುರಿದಾಗಲೂ ಇದೇ. ಮುಖದ ತುಂಬಾ ರಕ್ತ ಮಾಡಿಕೊಂಡು, ಪ್ರೇಕ್ಷಕರ ನಡುವೆ ನಿಂತು ಕೈ ಚಾಚಿದ ಅವಳ ಆ ಒಂದು ಫೋಟೊ, ಆಡಬೇಕಿದ್ದ ಮ್ಯಾಚಿಗಿಂತ ಜಾಸ್ತಿ ಕೆಲಸ ಮಾಡಿತು. ಐದೇ ತಿಂಗಳಿಗೆ ರೆಸಲ್‌ಮೇನಿಯಾದ ಕೊನೆಯ ಮ್ಯಾಚ್ ಮೊದಲ ಬಾರಿಗೆ ಹೆಂಗಸರದ್ದಾಯಿತು. ಗೆದ್ದವಳು ಬೆಕಿ.

ಜಪಾನಿನ ನ್ಯೂ ಜಪಾನ್ ಕಂಪನಿಯವರು ಇದನ್ನೆಲ್ಲ ಬೇರೆ ರೀತಿ ಮಾಡುತ್ತಾರೆ. ಹೊಸಬರಿಗೆ ಕಪ್ಪು ಚಡ್ಡಿ, ಕಪ್ಪು ಬೂಟು. ಗಿಮಿಕ್ ಇಲ್ಲ, ಬಣ್ಣ ಇಲ್ಲ. ಅವರನ್ನು ಯಂಗ್ ಲಯನ್ ಅಂತಾರೆ. ಸೋಲುವುದೇ ಅವರ ಕೆಲಸ. ಒಂದೆರಡು ವರ್ಷ ಸೋತ ಮೇಲೆ ಹೊರದೇಶಕ್ಕೆ ಕಳಿಸುತ್ತಾರೆ, ವಾಪಸ್ ಬರುವಾಗ ಹೊಸ ಪಾತ್ರ. ಕಜುಚಿಕಾ ಒಕಾಡಾನನ್ನು ಅಮೆರಿಕದ ಟಿಎನ್ಎ ಕಂಪನಿಗೆ ಕಳಿಸಿದರು. ಅಲ್ಲಿ ಅವನಿಗೆ ಒಂದು ಮುಖವಾಡ ಹಾಕಿಸಿ ಸೈಡ್ ಪಾತ್ರ ಕೊಟ್ಟರು. 2012ರ ಜನವರಿ 4ರಂದು ಟೋಕಿಯೊ ಡೋಮ್‌ನಲ್ಲಿ ವಾಪಸ್ ಬಂದಾಗ ಮ್ಯಾಚ್ ಸಪ್ಪೆಯಾಗಿತ್ತು. ಚಾಂಪಿಯನ್ ತನಾಹಾಶಿಗೆ ಸವಾಲು ಹಾಕಿದ್ದಕ್ಕೆ ಜನ ಬೈಯ್ದರು. ಅದೇ ಫೆಬ್ರವರಿ 12ರಂದು ಒಸಾಕಾದಲ್ಲಿ ಅವನು ತನಾಹಾಶಿಯನ್ನು ಸೋಲಿಸಿಯೇಬಿಟ್ಟ. ಆಗ ಅವನಿಗೂ 24. ಜೂನ್‌ನಲ್ಲಿ ಬೆಲ್ಟ್ ಕಳೆದುಕೊಂಡ. ಆರ್ಟನ್‌ಗೂ ಇವನಿಗೂ ವ್ಯತ್ಯಾಸ ಇಲ್ಲಿದೆ. ಒಕಾಡಾನ ಸೊಕ್ಕನ್ನು ಯಾರೂ ಮುಟ್ಟಲಿಲ್ಲ, ಆಗಸ್ಟ್‌ನಲ್ಲಿ ಜಿ1 ಪಂದ್ಯಾವಳಿ ಗೆಲ್ಲಿಸಿ ಮತ್ತೆ ತನಾಹಾಶಿಯ ದಾರಿಗೇ ತಂದರು.

ಹಾಗಂತ ಅವರ ಲೆಕ್ಕವೂ ಸದಾ ಸರಿ ಬರುವುದಿಲ್ಲ. 2013ರಲ್ಲಿ ಟೆಟ್ಸುಯಾ ನೈಟೊ ಜಿ1 ಗೆದ್ದ. ಗೆದ್ದವನಿಗೆ ಟೋಕಿಯೊ ಡೋಮ್‌ನಲ್ಲಿ ಕೊನೆಯ ಮ್ಯಾಚ್ ಆಡುವ ಹಕ್ಕು. ಜನರಿಗೆ ಈ ಒಳ್ಳೆಯ ಹುಡುಗ ಬೇಡವಾಗಿದ್ದ. ಕಂಪನಿ ಅಭಿಮಾನಿಗಳ ಮತಕ್ಕೆ ಬಿಟ್ಟಿತು. ಜನ ಅವನ ಮ್ಯಾಚನ್ನು ಕೊನೆಯ ಸ್ಥಾನದಿಂದ ಕೆಳಗಿಳಿಸಿದರು. ಇಷ್ಟು ನೇರವಾದ ಅವಮಾನ ಬೇರೆ ಯಾವ ರೆಸ್ಲರ್‌ಗೂ ಆಗಿರಲಿಕ್ಕಿಲ್ಲ, ಓಟು ಹಾಕಿ! 2015ರಲ್ಲಿ ಮೆಕ್ಸಿಕೊಗೆ ಹೋದ ನೈಟೊ ಅಲ್ಲಿಂದ ಯಾವುದಕ್ಕೂ ಕೇರ್ ಮಾಡದವನಾಗಿ ಬಂದ. ಓಡುವ ಬದಲು ನಡೆಯುತ್ತಿದ್ದ. ರಿಂಗಿಗೆ ಬಂದು ಸೂಟು ಬಿಚ್ಚಲು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತಿದ್ದ. 2016ರ ಏಪ್ರಿಲ್‌ನಲ್ಲಿ ಒಕಾಡಾನನ್ನು ಸೋಲಿಸಿ, ಗೆದ್ದ ಬೆಲ್ಟನ್ನೇ ಗಾಳಿಗೆ ಎಸೆದ. ಕಂಪನಿಯ ಅತಿ ಜನಪ್ರಿಯ ಆಟಗಾರ ಅವನಾದ.

ಮೆಕಿಂಟೈರ್, ರಾಕ್, ನೈಟೊ ಮೂವರಿಗೂ ಮೊದಲ ಪುಶ್ ಹಾಳಾಗಿಯೂ ಎರಡನೆಯದು ಸಿಕ್ಕಿತು. ಸಿಗದವರೇ ಜಾಸ್ತಿ. ಝ್ಯಾಕ್ ರೈಡರ್‌ಗೆ ಟಿವಿಯಲ್ಲಿ ಜಾಗವೇ ಇಲ್ಲದಾಗ 2011ರಲ್ಲಿ ಅವನೇ ಯೂಟ್ಯೂಬ್‌ನಲ್ಲಿ ವಾರಕ್ಕೊಂದು ತಮಾಷೆಯ ಕಾರ್ಯಕ್ರಮ ಶುರು ಮಾಡಿದ. ನವೆಂಬರ್ ಹೊತ್ತಿಗೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜನ ‘ವಿ ವಾಂಟ್ ರೈಡರ್’ ಅಂತ ಕೂಗುತ್ತಿದ್ದರು. ಡಿಸೆಂಬರ್‌ನಲ್ಲಿ ಯುಎಸ್ ಬೆಲ್ಟ್ ಗೆಲ್ಲಿಸಿದರು. ಜನವರಿಯಲ್ಲಿ ಕಿತ್ತುಕೊಂಡರು. ಆಮೇಲೆ ಅವನನ್ನು ಸೀನಾ ಮತ್ತು ಕೇನ್ ಜಗಳದ ನಡುವೆ ಒದೆ ತಿನ್ನುವ ಗೆಳೆಯನನ್ನಾಗಿ ಮಾಡಿ, ಗಾಲಿಕುರ್ಚಿಯಲ್ಲಿ ಕೂರಿಸಿ, ಸ್ಟೇಜಿನಿಂದ ಕೆಳಕ್ಕೆ ತಳ್ಳಿಸಿದರು. 2016ರ ರೆಸಲ್‌ಮೇನಿಯಾದಲ್ಲಿ ಯಾರೂ ಎಣಿಸದ ಹಾಗೆ ಇಂಟರ್‌ಕಾಂಟಿನೆಂಟಲ್ ಬೆಲ್ಟ್ ಗೆದ್ದ. ಮರುದಿನ ಸೋಮವಾರ. ಮಿಝ್ ಕೈಯಲ್ಲಿ ಸೋತ.

ಕೋಫಿ ಕಿಂಗ್ಸ್ಟನ್‌ಗೂ ಬೇಗನೆ ಒಂದು ಅವಕಾಶ ಬಂದಿತ್ತು. 2009ರ ನವೆಂಬರ್‌ನಲ್ಲಿ ಆರ್ಟನ್‌ನನ್ನು ಮೇಜಿನ ಮೇಲೆ ಮಲಗಿಸಿ ಮೇಲಿಂದ ಹಾರಿದಾಗ ಮುಂದಿನ ಚಾಂಪಿಯನ್ ಇವನೇ ಅನ್ನಿಸಿತ್ತು. 2010ರ ಆರಂಭದ ಒಂದು ಮ್ಯಾಚಿನಲ್ಲಿ ಸಣ್ಣ ತಪ್ಪಾಯಿತು, ಆರ್ಟನ್ ಕ್ಯಾಮೆರಾ ಮುಂದೆಯೇ ‘ಸ್ಟುಪಿಡ್’ ಅಂತ ಕೂಗಿದ. ಅದೇ ಕಾರಣ ಅಂತ ಅಭಿಮಾನಿಗಳು ಇಂದಿಗೂ ಹೇಳುತ್ತಾರೆ. ಕಾರಣ ಏನೇ ಇರಲಿ, ಅವನ ಪುಶ್ ಅಲ್ಲಿಗೆ ನಿಂತಿತು. ಒಂಬತ್ತು ವರ್ಷ ಬಿಟ್ಟು, 2019ರ ಫೆಬ್ರವರಿಯಲ್ಲಿ, ಆಗಷ್ಟೇ ಮೇಲೆ ಬರುತ್ತಿದ್ದ ಮುಸ್ತಫಾ ಅಲಿಗೆ ಗಾಯವಾಯಿತು. ಬದಲಿಗೆ ಕೋಫಿ ಬಂದ. ಒಬ್ಬರ ಹಿಂದೆ ಒಬ್ಬರು ಎದುರಾಗುವ ಸಾಲು ಮ್ಯಾಚಿನಲ್ಲಿ ಒಂದು ಗಂಟೆಗೂ ಜಾಸ್ತಿ ನಿಂತು ಆಡಿದ. ಅಲಿಯ ಅವಕಾಶ ಕೋಫಿಯದಾಯಿತು, ಅಲಿಗೆ ಅದು ಮತ್ತೆ ಸಿಗಲೇ ಇಲ್ಲ. ಏಪ್ರಿಲ್ 7ರಂದು ಡೇನಿಯಲ್ ಬ್ರಯನ್‌ನನ್ನು ಸೋಲಿಸಿ ಕೋಫಿ ಡಬ್ಲ್ಯೂಡಬ್ಲ್ಯೂಇ ಚಾಂಪಿಯನ್ ಆದ. ಮಕ್ಕಳು ರಿಂಗಿಗೆ ಬಂದರು, ದೊಡ್ಡವರು ಅತ್ತರು.

ಅಕ್ಟೋಬರ್ 4ರಂದು ಬ್ರಾಕ್ ಲೆಸ್ನರ್ ಅವನನ್ನು ಹತ್ತು ಸೆಕೆಂಡೂ ತೆಗೆದುಕೊಳ್ಳದೆ ಸೋಲಿಸಿದ. ಅದನ್ನೂ ಸಹಿಸಿಕೊಳ್ಳಬಹುದಿತ್ತು. ಬ್ರಯನ್ 18 ಸೆಕೆಂಡಿನಲ್ಲಿ ಸೋತು ದೊಡ್ಡವನಾದವನು. ಆರು ತಿಂಗಳು ಚಾಂಪಿಯನ್ ಆಗಿದ್ದವನು ವಾಪಸ್ ಬಂದು ಏನು ಹೇಳುತ್ತಾನೆ, ಲೆಸ್ನರ್‌ನನ್ನು ಹುಡುಕಿಕೊಂಡು ಹೋಗುತ್ತಾನಾ ಅಂತ ನಾನು ಕಾದೆ. ಅವನು ಬಂದ, ಹಳೆಯ ಗೆಳೆಯರ ಜೊತೆ ಕುಣಿದ, ಜೋಡಿಯಾಗಿ ಆಡುವ ಟ್ಯಾಗ್ ಟೀಮ್ ಮ್ಯಾಚ್ ಆಡಿದ. ನವೆಂಬರ್‌ನಲ್ಲಿ ಟ್ಯಾಗ್ ಬೆಲ್ಟೂ ಗೆದ್ದ. ಆ ಹತ್ತು ಸೆಕೆಂಡಿನ ಬಗ್ಗೆ ಅವನಿಗೆ ಏನನ್ನಿಸಿತು ಅಂತ ಸರಿಯಾಗಿ ಕೇಳಲು ಯಾರೂ ಒಂದು ಮೈಕು ಕೊಟ್ಟ ಹಾಗೆ ನನಗೆ ಕಾಣಲಿಲ್ಲ.